ಜಾರುವ ಪದರ

ಗಣಿಯವರೆಲ್ಲ ಅವಳನ್ನು ಮಿಂಚಕ್ಕ ಎನ್ನುತ್ತಿದ್ದರು. ನೆಲ ಕೊರೆದು ತೆಗೆದ ಕಲ್ಲಿನ ಕೋಲುಗಳನ್ನು ಶೆಡ್ಡಿನ ಟ್ರೇಗಳಲ್ಲಿ ಜೋಡಿಸಿ, ಯಾವ ಆಳದ್ದೆಂದು ಬರೆದಿಡುವುದು ಅವಳ ಕೆಲಸ. ಮನೆಗೆ ಹೊರಟಾಗ ಹುಬ್ಬಿನಲ್ಲೂ ಕಬ್ಬಿಣದ ಅದಿರಿನ ಪುಡಿ ಮಿನುಗುತ್ತಿತ್ತು. "ನಿಂಗೆ ಒಡವೆನೇ ಬೇಡ ಬಿಡಕ್ಕ," ಎಂದು ತಮ್ಮ ರೇಗಿಸುತ್ತಿದ್ದ. ಅವನು ಅದೇ ಗಣಿಯಲ್ಲಿ ಅಗೆಯುವ ಯಂತ್ರ ಓಡಿಸುತ್ತಿದ್ದ.

ಹದಿನೆಂಟು ವರ್ಷಗಳಲ್ಲಿ ಆ ಕಲ್ಲು ಅವಳ ಕೈಗೆ ಪಳಗಿತ್ತು. ಕನ್ನಡಿ ಚೂರಿನಂತೆ ಕಪ್ಪಗೆ ಹೊಳೆಯುತ್ತದೆ, ಒರಟು ಪಿಂಗಾಣಿ ಬಿಲ್ಲೆಯ ಮೇಲೆ ಉಜ್ಜಿದರೆ ಮೂಡುವುದು ಮಾತ್ರ ಕೆಂಪು ಗೀರು. "ಇದು ತುಕ್ಕಿನ ದಾಯಾದಿ ಕಣ್ರಪ್ಪ," ಎಂದು ಹೊಸಬರಿಗೆ ಹೇಳುತ್ತಿದ್ದಳು. "ಯಾವ್ದೋ ಕಾಲದ ಸಮುದ್ರದ ತಳದಲ್ಲಿ ಕೂತಿದ್ದು. ಆಮೇಲೆ ನೆಲದೊಳಗಿನ ಬಿಸಿಗೆ, ಒತ್ತಡಕ್ಕೆ ಹೀಗೆ ಹಾಳೆ ಹಾಳೆ ಆಗಿದೆ."

ಗಣಿ ಗುಂಡಿಯ ಪೂರ್ವದ ಗೋಡೆಯಿಂದ ಬಂದ ಕೋಲುಗಳಲ್ಲಿ ಆ ಹಾಳೆಗಳು ಮುಟ್ಟಿದರೆ ಸಾಕು, ಒಂದರ ಮೇಲೊಂದು ಜಾರುತ್ತಿದ್ದವು. ಮೂರು ಕೊರೆತಗಳಲ್ಲಿ ಆ ಪದರದ ಆಳ ಹೋಲಿಸಿ ನೋಡಿದವಳೇ ಟ್ರೇ ಹೊತ್ತು ಇಂಜಿನಿಯರನ ಕೋಣೆಗೆ ಹೋದಳು.

"ಸಾರ್, ಈ ಪದರ ಗುಂಡಿ ಕಡೆಗೇ ಇಳಿಜಾರಾಗಿದೆ. ಬುಡ ಅಗೆದ್ರೆ ಮೇಲಿಂದು ನಿಲ್ಲಲ್ಲ."

"ಒಳ್ಳೆ ಅದಿರು ಇರೋದೇ ಅಲ್ಲಿ ಕಣಮ್ಮ. ಈ ತಿಂಗಳು ಮುಗೀಲಿ, ನೋಡೋಣ."

ಆ ಗೋಡೆಯ ಬುಡದಲ್ಲೇ ಅಗೆಯುತ್ತಿದ್ದ ತಮ್ಮನಿಗೆ ರಜೆ ಹಾಕೆಂದು ಗೋಗರೆದಳು. "ನಾನು ಹೋಗ್ದಿದ್ರೆ ಇನ್ನೊಬ್ಬನ್ನ ಕೂರಿಸ್ತಾರೆ. ಅವನಿಗೂ ಅಕ್ಕ ಇರಲ್ವಾ?" ಎಂದ ಅವನು.

ಒಂಬತ್ತನೆಯ ದಿನ ಬೆಳಿಗ್ಗೆ ಹನ್ನೊಂದಕ್ಕೆ ಗೋಡೆ ಜಾರಿತು. ಅವನಿದ್ದ ಯಂತ್ರವನ್ನು ಹೊರಗೆಳೆಯಲು ನಾಲ್ಕು ದಿನ ಹಿಡಿಯಿತು. ಆ ನಾಲ್ಕೂ ದಿನ, ಸಿಪ್ಪೆ ಸುಲಿದಂತಿದ್ದ ಇಳಿಜಾರು ಬಿಸಿಲಿಗೆ ಫಳಫಳ ಹೊಳೆಯುತ್ತಿತ್ತು. ಅವಳು ಅದಕ್ಕೆ ಬೆನ್ನು ಹಾಕಿ ಕೂತಿದ್ದಳು.

ತನಗೆ ಯಾರೂ ತಿಳಿಸಿರಲಿಲ್ಲವೆಂದು ಇಂಜಿನಿಯರ್ ವಿಚಾರಣೆಯಲ್ಲಿ ಹೇಳಿದ. ಅವಳು, ಅವನಿಗೆ ಹೇಳಿದ್ದನ್ನು ತಾರೀಖು ಹಾಕಿ ಬರೆದಿದ್ದ ತನ್ನ ಪುಸ್ತಕವನ್ನು ಮೇಜಿನ ಮೇಲಿಟ್ಟಳು. ಅವನ ಕೆಲಸ ಹೋಯಿತು. ಆದರೆ ತಮ್ಮನ ಹೆಂಡತಿ ಒಂದೇ ಮಾತು ಕೇಳಿದಳು: "ಅತ್ತಿಗೆ, ಇನ್ನೊಂದ್ಸಲ ಹೇಳಬಾರದಿತ್ತಾ?"

ಈಗ ಅವಳೂ ತಮ್ಮನ ಹೆಂಡತಿಯೂ ಬಣ್ಣದ ಕಾರ್ಖಾನೆಯಲ್ಲಿದ್ದಾರೆ. ಅದೇ ಕಲ್ಲನ್ನು ಅಲ್ಲಿ ನುಣ್ಣನೆಯ ಚಕ್ಕೆಯಾಗಿ ಅರೆದು ಸೇತುವೆಗಳ ಬಣ್ಣಕ್ಕೆ ಬೆರೆಸುತ್ತಾರೆ. ಮೀನಿನ ಹುರುಪೆಯಂತೆ ಒತ್ತಾಗಿ ಕೂತ ಚಕ್ಕೆಗಳು ಕಬ್ಬಿಣಕ್ಕೆ ನೀರು ತಾಗಗೊಡುವುದಿಲ್ಲ. ಮಧ್ಯಾಹ್ನ ಒಂದೇ ಬೆಂಚಿನಲ್ಲಿ ಕೂತು ಉಣ್ಣುತ್ತಾರೆ. ಮಾತು ಕಡಿಮೆ.