ಅರವತ್ತು ಮುಟ್ಟಿದರೆ ನಡುಗುತ್ತಿದ್ದ ಜೀಪು

ದೊಡ್ಡಬಳ್ಳಾಪುರ ತಾಲ್ಲೂಕಿನ ಮಧುರೆ ಹತ್ತಿರದ ನಮ್ಮ ತೋಟದ ದಾರಿಯಲ್ಲಿ ಕಲ್ಲುಗಳು ಗಾಡಿಯ ತಳಕ್ಕೆ ಬಡಿಯುತ್ತವೆಂದು ನನ್ನ ಗಂಡ ಹಳೆಯ ಫೋರ್‌ವೀಲ್ ಜೀಪನ್ನು ನಾಲ್ಕು ಇಂಚು ಎತ್ತರ ಮಾಡಿಸಿ, ದಪ್ಪ ಟೈರು ಹಾಕಿಸಿಕೊಂಡು ಬಂದರು. ಕಲ್ಲು ಬಡಿಯುವುದು ನಿಂತಿತು, ನಡುಕ ಶುರುವಾಯಿತು. ವೇಗ ಅರವತ್ತು ಮುಟ್ಟಿದರೆ ಸಾಕು, ಸೀಟಿನ ಕೆಳಗಿಂದ ಎದ್ದ ಅದುರು ಬೆನ್ನಿಗೆ ಹತ್ತುತ್ತಿತ್ತು.

"ದಪ್ಪ ಟೈರು ಕಣೇ, ಹಂಗೇ ಇರುತ್ತೆ" ಅನ್ನುತ್ತಿದ್ದರು. ಟೈರು ಬ್ಯಾಲೆನ್ಸ್ ಮಾಡಿಸಿದರೂ ಹೋಗಲಿಲ್ಲ. ಆಮೇಲೆ ಮಾತೆತ್ತಿದರೆ ಸಿಡುಕುತ್ತಿದ್ದರು. ನಾನೂ ಸುಮ್ಮನಾದೆ.

ಒಂದು ಬೆಳಿಗ್ಗೆ ಅಪ್ಪನನ್ನು ಕಣ್ಣು ತೋರಿಸಲು ದೇವನಹಳ್ಳಿಗೆ ಕರೆದೊಯ್ಯುತ್ತಿದ್ದೆ. ಅಪ್ಪ ಆಯುಷ್ಯವೆಲ್ಲ ಬಸ್ಸು ಓಡಿಸಿದವರು. ಈಗ ಎರಡೂ ಕಣ್ಣಿಗೆ ಪೊರೆ. ದೊಡ್ಡಬಳ್ಳಾಪುರ ದಾಟುತ್ತಲೇ ಮಾತು ನಿಲ್ಲಿಸಿ, ಗೇರಿನ ಪಕ್ಕದ ತಗಡಿನ ಮೇಲೆ ಅಂಗೈ ಇಟ್ಟರು.

"ಕಾಲು ತೆಗಿ."

ಎಕ್ಸಲರೇಟರ್ ಬಿಟ್ಟೆ. ನಡುಕ ತಗ್ಗಿತು.

"ಒತ್ತು."

ಮತ್ತೆ ಬಂತು, ಜೊತೆಗೆ ಕೆಳಗೆಲ್ಲೋ ಟಕ್ ಟಕ್ ಅಂತ ಸದ್ದು.

"ಎಡಕ್ಕೆ ಹಾಕಿ ನಿಲ್ಸು."

ನಿಂತಲ್ಲೇ ಇಂಜಿನ್ ಜೋರು ಮಾಡಿಸಿದರು. ಏನೂ ಅದುರಲಿಲ್ಲ.

"ಇಂಜಿನ್ ಅಲ್ಲ. ಚಕ್ರದ್ದಾಗಿದ್ರೆ ಕಾಲು ತೆಗೆದ್ರೂ ನಡುಗ್ತಿತ್ತು. ಇದು ಶಾಫ್ಟು ಕಣವ್ವ. ಗಾಡಿ ಮೇಲಕ್ಕೆ ಹೋಗೈತೆ, ಶಾಫ್ಟು ಓರೆಯಾಗಿ ತಿರುಗ್ತೈತೆ."

ಇಂಜಿನ್ನಿನ ಬಲವನ್ನು ಹಿಂದಿನ ಚಕ್ರಗಳಿಗೆ ಒಯ್ಯುವ ಉದ್ದನೆಯ ಕೊಳವೆ ಅದು. ಕಳಚಿಕೊಂಡರೆ ಏನಾಗುತ್ತದೆ ಎಂದು ಕೇಳಿದೆ.

"ಹಿಂದಿನ ತುದಿ ಕಳಚಿದ್ರೆ ಎಳ್ಕೊಂಡು ಬರುತ್ತೆ. ಮುಂದಿನ ತುದಿ ಬಿದ್ರೆ ರೋಡಿಗೆ ನಾಟ್ಕೊಳ್ಳುತ್ತೆ. ಗಾಡಿನೇ ಎತ್ತಿ ಹಾಕ್ಬಿಡುತ್ತೆ." ಬಾಗಿಲು ತೆಗೆದು ಇಳಿದರು. "ಕೆಳಗೆ ನೋಡ್ಬೇಕು. ನಂಗೆ ಕಾಣಲ್ಲ, ನೀನೇ ನುಗ್ಗು."

ಚಕ್ರಗಳಿಗೆ ಕಲ್ಲು ಕೊಟ್ಟು, ದುಪಟ್ಟಾ ಸೊಂಟಕ್ಕೆ ಕಟ್ಟಿ ಕೆಳಗೆ ನುಸುಳಿದೆ. ಟಿಪ್ಪರ್ ಲಾರಿ ಹಾದಾಗಲೆಲ್ಲ ನೆಲ ನಡುಗುತ್ತಿತ್ತು, ಜೀಪು ನನ್ನ ಮೇಲೇ ಕೂರುತ್ತದೇನೋ ಅನ್ನಿಸುತ್ತಿತ್ತು. ಮೊಬೈಲಿನ ಬೆಳಕನ್ನು ಶಾಫ್ಟಿನ ಮೇಲೆ ಬಿಟ್ಟೆ.

"ಶಾಫ್ಟಿನ ತುದೀಲಿ ಕೂಡಿಸೋ ಕ್ರಾಸ್ ಐತಲ್ಲ, ಅದ್ರ ಸುತ್ತ ಏನೈತೆ?"

"ಕೆಂಪು ಪುಡಿ, ತುಕ್ಕಿನ ಥರ."

"ಹಿಡ್ದು ಅಲ್ಲಾಡ್ಸು."

ಅಲ್ಲಾಡಿಸಿದೆ. ಸಡಿಲವಾದ ಹಲ್ಲಿನಂತೆ ಅಲುಗಿತು. ಕ್ರಾಸಿನ ಒಂದು ಮುಚ್ಚಳ ಅರ್ಧ ಆಚೆ ಬಂದಿತ್ತು.

"ಅಪ್ಪಾ, ಇದು ಮುಂದಿನ ತುದಿ."

ನಾನು ತೆವಳಿಕೊಂಡು ಹೊರಗೆ ಬಂದಾಗ ಅಪ್ಪ ಬಾನೆಟ್ಟಿಗೆ ಕೈಯೂರಿ ನಿಂತಿದ್ದರು, ತುಟಿ ಒಣಗಿತ್ತು. ಅಷ್ಟು ವರ್ಷದಲ್ಲಿ ಅಪ್ಪ ಹೆದರಿದ್ದನ್ನು ನಾನು ನೋಡಿದ್ದು ಅದೇ ಮೊದಲು. ನಾನು ರಸ್ತೆ ಅಂಚಿನಲ್ಲೇ ಕೂತುಬಿಟ್ಟೆ.

ನಾನು ಫೋನ್ ಮಾಡಿದ ಮೇಲೆ ಆಟೋದಲ್ಲಿ ಬಂದ ಮೆಕ್ಯಾನಿಕ್ ಆ ಶಾಫ್ಟನ್ನು ಪೂರ್ತಿ ಬಿಚ್ಚಿ ಜೀಪಿನ ಹಿಂಬದಿಯಲ್ಲಿ ಹಾಕಿದ. ಫೋರ್‌ವೀಲ್ ಹಾಕಿ, ಮುಂದಿನ ಚಕ್ರಗಳ ಬಲದಲ್ಲೇ ಜೀಪನ್ನು ನಿಧಾನವಾಗಿ ಹೊರಡಿಸಿದ. "ಇನ್ನೇನೂ ಆಗಲ್ಲ, ಹತ್ತಿ ಅಕ್ಕಾ" ಅಂದ. ನಾನು ಹತ್ತಲಿಲ್ಲ. ಅಪ್ಪ ಅವನ ಪಕ್ಕ ಕೂತರು, ನಾನು ಆಟೋದಲ್ಲಿ ಹಿಂದೆ ಹೋದೆ.

ಸಂಜೆ ಗ್ಯಾರೇಜಿಗೆ ಬಂದ ನನ್ನ ಗಂಡ ಬಿಚ್ಚಿಟ್ಟ ಕ್ರಾಸನ್ನು ಕೈಗೆತ್ತಿಕೊಂಡರು. ಒಳಗಿನ ಸಣ್ಣ ಬೇರಿಂಗ್ ಕಡ್ಡಿಗಳು ಪುಡಿಯಾಗಿದ್ದವು.

"ಮೊನ್ನೆ ಮಗಳನ್ನ ಕೂರಿಸ್ಕೊಂಡು ಘಾಟಿ ದೇವಸ್ಥಾನಕ್ಕೆ ಹೋಗಿದ್ನಲ್ಲ," ಅಂದರು. "ಎಂಬತ್ತರಲ್ಲಿದ್ದೆ. ಏನೋ ಸರಿಯಿಲ್ಲ ಅಂತ ನಂಗೂ ಗೊತ್ತಾಗ್ತಿತ್ತು ಕಣೇ. ನಿನ್ ಹತ್ರ ಅಷ್ಟು ವಾದ ಮಾಡಿದ್ಮೇಲೆ ಒಪ್ಕೊಳ್ಳೋಕಾಗ್ಲಿಲ್ಲ."

ಸಿಟ್ಟು ಬರಬೇಕಿತ್ತು. ಹಿಂದಿನ ಸೀಟಿನಲ್ಲಿ ಕಿಟಕಿಗೆ ಮುಖವಿಟ್ಟು ಕೂರುವ ಮಗಳು ಕಣ್ಣ ಮುಂದೆ ಬಂದಳು. ಗೊತ್ತಿದ್ದೂ ಸುಮ್ಮನಿದ್ದವಳು ನಾನೂ ಅಲ್ಲವೇ.

ಎತ್ತರಿಸಿದ್ದನ್ನು ನಾಲ್ಕರಿಂದ ಎರಡು ಇಂಚಿಗೆ ಇಳಿಸಿದರು. ಹೊಸ ಕ್ರಾಸ್ ಹಾಕಿ, ಹಿಂದಿನ ಆಕ್ಸಲ್ಲಿಗೆ ಬೆಣೆ ಕೊಟ್ಟು ಶಾಫ್ಟಿನ ಓರೆ ಸರಿಮಾಡಿದರು. ನಡುಕ ಪೂರ್ತಿ ಹೋಯಿತು. ಅಪ್ಪನನ್ನು ಕಣ್ಣು ತೋರಿಸಲು ಮುಂದಿನ ವಾರ ಬಸ್ಸಿನಲ್ಲಿ ಕರೆದೊಯ್ದೆ. ಜೀಪಿನ ಸ್ಟೇರಿಂಗ್ ಹಿಡಿಯಲು ನನಗೆ ಎರಡು ತಿಂಗಳು ಬೇಕಾಯಿತು.