ಸ್ನಾನವನ್ನು ಮೊದಲು ಬರೆದೆ

ಪಾವಗಡ ಸೀಮೆಯ ಗಡಿಹಳ್ಳಿಯೊಂದರಲ್ಲಿ ಒಬ್ಬ ಹೆಣ್ಣುಮಗಳು ನಾನು ಬರೆದ ಒಂದು ಹಾಳೆಯ ದೆಸೆಯಿಂದ ತವರಿನ ಹೊರಗೆ ಪ್ರಾಣ ಬಿಟ್ಟಳು. ಆಕೆಯ ಮುಖವನ್ನು ನಾನು ಕಂಡವನಲ್ಲ. ದೇವರ ಮುಂದೆ ಕುಳಿತಾಗಲೆಲ್ಲ ಅರಿಕೆ ಮಾಡಿಕೊಂಡದ್ದನ್ನು ಈ ಇಳಿವಯಸ್ಸಿನಲ್ಲಿ ಮನುಷ್ಯರ ಮುಂದೆಯೂ ಹೇಳಿಬಿಡಬೇಕೆನ್ನಿಸಿದೆ.

ಅರವತ್ತರ ದಶಕದ ನಡುವಿನ ಮಾತು. ಆಗ ನಾನು ಮಧುಗಿರಿಯ ಶಾಲೆಯೊಂದರಲ್ಲಿ ಸಂಸ್ಕೃತ, ಕನ್ನಡಗಳ ಪಂಡಿತ. ನೆರೆಯ ದೇಶ ಅಣುಬಾಂಬು ಸಿಡಿಸಿದ ಸುದ್ದಿಯಿಂದ ದೊಡ್ಡವರೆಲ್ಲ ದಿಗಿಲುಗೊಂಡಿದ್ದ ಕಾಲ. ನಮ್ಮ ರಾಜ್ಯದ ಗಡಿಯಾಚೆ ಎಲ್ಲಿಯಾದರೂ ಅಣುಸ್ಥಾವರ ಒಡೆದು ವಿಷದ ಧೂಳು ಹರಡಿದರೆ, ಓಡಿಬಂದ ಜನರಿಗೆ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ಆಸ್ಪತ್ರೆಗಳು ಹೇಗೆ ಉಪಚಾರ ಮಾಡಬೇಕೆಂಬುದಕ್ಕೆ ಯೋಜನೆಯೊಂದನ್ನು ಸಿದ್ಧಪಡಿಸಿರೆಂದು ಮೇಲಿನಿಂದ ಕಾಗದ ಬಂತು. ಪಾವಗಡದ ಸುತ್ತ ಬಹುಪಾಲು ಆಂಧ್ರವೇ ಆದ್ದರಿಂದ ಜನ ಮೊದಲು ಬಂದು ನಿಲ್ಲುವುದು ಅಲ್ಲಿಯೇ ಎಂದು ವೈದ್ಯರು ಎಣಿಸಿದರು. ಹಳ್ಳಿಯ ಚಾವಡಿಗಳಲ್ಲಿ ಓದಿ ಹೇಳಲು ತಕ್ಕಂತೆ ಕನ್ನಡದಲ್ಲಿ ಒಂದು ಹಾಳೆ ಬೇಕಾಗಿತ್ತು. ಅದಕ್ಕಾಗಿ ನನ್ನನ್ನು ಕರೆಸಿದರು.

ಸಭೆಯ ಹಿರಿಯ ವೈದ್ಯರು ಮಿತಭಾಷಿಗಳು. "ಪಂಡಿತರೇ, ಮೊದಲು ಪ್ರಾಣ. ನಿತ್ರಾಣವಾಗಿದ್ದವರಿಗೆ ನಿಂತ ಕಾಲಲ್ಲೇ ಚಿಕಿತ್ಸೆ. ಬಟ್ಟೆ ಬದಲಿಸಿ ಮೈ ತೊಳೆಸೋದು ಅದಾದ ಮೇಲೆ. ಇದನ್ನು ಎಲ್ಲಕ್ಕೂ ಮೇಲೆ ಬರೀರಿ," ಎಂದರು.

ಶಿರಾದ ಸಾಹೇಬರೊಬ್ಬರು ಅಲ್ಲಿ ಕಾಂಪೌಂಡರು. ಧೂಳು ತೊಳೆಯುವ ಮಾತು ಬಂದಾಗ ತಮ್ಮ ಅಂಗಿ ಕೊಡವಿ, "ಅರೆ, ಶಿರಾದಿಂದ ಬಸ್ಸಲ್ಲಿ ಬಂದು ನನ್ ಮೈಯೆಲ್ಲ ಧೂಳೇ ಐತೆ. ಅಂಗಾರೆ ನನ್ನೂ ಕೆರೆಗೆ ತಳ್ಳಿಬುಡ್ತೀರೇನು ಪಂಡಿತ್ರೇ?" ಎಂದರು. ಎಲ್ಲರೂ ನಕ್ಕೆವು.

ಅಂದು ಸಂಧ್ಯಾವಂದನೆ ಮುಗಿಸಿ ಬರೆಯಲು ಕುಳಿತೆ. ಸ್ನಾನವಿಲ್ಲದೆ ಯಾವ ಕರ್ಮಕ್ಕೂ ಅಧಿಕಾರವಿಲ್ಲವೆಂದು ಬಾಲ್ಯದಿಂದ ಕಲಿತ ಕೈ ಅದು. ಸ್ನಾನವನ್ನೇ ಮೊದಲು ಬರೆಯಿತು. ಗಡಿಯಾಚೆಯಿಂದ ವಾಂತಿ ಮಾಡಿಕೊಳ್ಳುತ್ತ ಬಂದವರು ಊರ ಹೊರಗೆ ಸ್ನಾನ ಮಾಡತಕ್ಕದ್ದು; ಅದಕ್ಕೆ ಮುನ್ನ ಅವರನ್ನು ಯಾರೂ ಮುಟ್ಟಕೂಡದು; ಅವರ ಬಾಯಿಗೆ ಏನನ್ನೂ ಕೊಡಕೂಡದು. ತೊಳೆಯದ ಕೈಯಲ್ಲಿ ಉಣ್ಣಬಾರದೆಂದಷ್ಟೇ ವೈದ್ಯರು ಹೇಳಿದ್ದರು. ಅದನ್ನು ಬಿಗಿಗೊಳಿಸಿದವನು ನಾನು. ಚಿಕಿತ್ಸೆ ಐದನೆಯ ಸಾಲಿಗೆ ಹೋಯಿತು.

ಮರುದಿನ ವೈದ್ಯರು ಓದಿ ಹುಬ್ಬು ಗಂಟಿಕ್ಕಿ, "ಚಿಕಿತ್ಸೆ ಕೆಳಗೆ ಹೋಯ್ತಲ್ಲ?" ಎಂದರು.

"ಎಲ್ಲವೂ ಇದೆಯಲ್ಲ ಸ್ವಾಮಿ. ಜನರಿಗೆ ಒಗ್ಗಿದ ಕ್ರಮದಲ್ಲಿದ್ದರೆ ನಡೆಸುತ್ತಾರೆ," ಎಂದೆ. ಹೊರಗೆ ರೋಗಿಗಳು ಸಾಲುಗಟ್ಟಿದ್ದರು. ವೈದ್ಯರು ನನ್ನನ್ನು ನಂಬಿ ರುಜು ಹಾಕಿದರು. ನನ್ನ ಕೈಬರಹವೇ ಕಲ್ಲಚ್ಚಾಗಿ ಹಳ್ಳಿ ಹಳ್ಳಿಗೆ ಹೋಯಿತು. ನಾನು ಹೇಳಿದ್ದೂ ಸುಳ್ಳಾಗಲಿಲ್ಲ. ಜನ ಅಕ್ಷರಶಃ ನಡೆಸಿದರು.

ಅಣುಸ್ಥಾವರ ಎಲ್ಲಿಯೂ ಒಡೆಯಲಿಲ್ಲ. ಮುಂದಿನ ಬೇಸಗೆಯಲ್ಲಿ ಆಂಧ್ರದ ಕಡೆಯ ಕೆಲವು ಹಳ್ಳಿಗಳಲ್ಲಿ ವಾಂತಿಭೇದಿ ಕಾಣಿಸಿಕೊಂಡಿತು. ಈಚೆಯ ಗಡಿಹಳ್ಳಿಯಿಂದ ಅಲ್ಲಿಗೆ ಕೊಟ್ಟಿದ್ದ ಆ ಹೆಣ್ಣುಮಗಳನ್ನು ಗಂಡ ಗಾಡಿಯಲ್ಲಿ ಮಲಗಿಸಿಕೊಂಡು ಪಾವಗಡದ ಆಸ್ಪತ್ರೆಗೆ ಹೊರಟಿದ್ದ. ದಾರಿ ಅವಳ ತವರೂರಿನೊಳಗೇ ಹಾದುಹೋಗುತ್ತಿತ್ತು. ಗಡಿಯಾಚೆಯಿಂದ ವಾಂತಿ ಮಾಡಿಕೊಳ್ಳುತ್ತ ಬಂದವಳೆಂದು ಊರವರು ಹಾಳೆ ಹಿಡಿದು ಕೆರೆಯ ಏರಿಯ ಮೇಲೆ ಗಾಡಿಯನ್ನು ತಡೆದರು.

ಈ ಸುದ್ದಿಯನ್ನು ನನಗೆ ತಂದವರು ಆಗ ಪಾವಗಡಕ್ಕೆ ವರ್ಗವಾಗಿದ್ದ ಅದೇ ಕಾಂಪೌಂಡರು. ಶಾಲೆಯ ಜಗಲಿಯ ಮೇಲೆ ಟೋಪಿ ಕೈಯಲ್ಲಿ ಹಿಡಿದು ಕುಳಿತು ಹೇಳಿದರು: "ಸ್ನಾನ ಆಗ್ಲಿ, ಆಮೇಲೆ ಬುಡ್ತೀವಿ ಅಂದ್ರಂತೆ. ಆ ಹುಡ್ಗಿಗೆ ಎದ್ದು ಕೂರೋ ತಾಕತ್ ಇರ್ಲಿಲ್ಲ. ಗಂಡನ್ನ ಮೊದ್ಲು ಕೆರೆಗೆ ಇಳ್ಸಿ, ಮಿಂದೋನು ಇನ್ನು ಅವ್ಳನ್ನ ಮುಟ್ಟಂಗಿಲ್ಲ ಅಂದ್ರಂತೆ. ಮುಟ್ದೆ ಸ್ನಾನ ಮಾಡ್ಸೋದು ಹೆಂಗೆ? ಸ್ನಾನ ಆಗ್ದೆ ಮುಟ್ಟೋದು ಹೆಂಗೆ? ಇದ್ರಲ್ಲೇ ಹೊತ್ತು ಏರ್ತು. ನಂಗೆ ಖಬರ್ ಬಂದು ಸೈಕಲ್ ತುಳ್ಕೊಂಡು ಹೋಗೋ ಹೊತ್ಗೆ ಖತಂ." ಟೋಪಿ ತಲೆಗಿಟ್ಟು ಏಳುತ್ತ, "ಹಾಳೆ ತೋರಿಸಿದ್ರು. ನಿಮ್ಮ ಅಕ್ಷರ," ಎಂದರು.

ಮರುದಿನವೇ ಹೊರಟೆ. ಅವಳು ಹೋಗಿ ಎರಡು ದಿನವಾಗಿತ್ತು. ಅವಳ ತಾಯಿ, ಮನೆಯ ಹೊರಗಿನ ಕಟ್ಟೆಯ ಮೇಲೆ ಕುಳಿತಿದ್ದಳು. ಹಾಳೆ ಬರೆದವನು ನಾನೆಂದು ಹೇಳಿದೆ. ಆಕೆ ನನ್ನನ್ನು ಬೈಯಲಿ ಎಂದೇ ಹೋಗಿದ್ದೆ ಅಂದರೂ ಸಲ್ಲುತ್ತದೆ. ಬೈಸಿಕೊಂಡಾದರೂ ಹಗುರಾಗುವ ಆಸೆ. ಆಕೆ ಎದ್ದು ನಿಂತು ಸೆರಗು ಹೊದ್ದು ಕೈಮುಗಿದಳು.

"ಚಾವಡೀಲಿ ಓದಿದ್ರು ಸಾಮಿ. ಮಂತ್ರ ಓದ್ದಂಗೇ ಇತ್ತು. ಅದ್ಕೇ ಯಾರೂ ಮೀರಲಿಲ್ಲ. 'ಅಮ್ಮಾ, ನೀಳ್ಳು, ನೀಳ್ಳು' ಅಂತ ತೆಲುಗಲ್ಲೇ ನೀರು ಕೇಳ್ತಿದ್ಲು, ಗಂಡನ ಮನೆ ಮಾತಲ್ವಾ. ನಾನು ಓಡಿದೆ, ನಾಕು ಜನ ಹಿಡ್ಕೊಂಡ್ಬುಟ್ರು."

ಆಕೆ ದನಿ ತಗ್ಗಿಸಿ ಕೇಳಿದಳು: "ಓದ್ಕೊಂಡೋರು ಬಂದೀರಿ, ಒಂದು ಮಾತು ಹೇಳಿ. ಕೊಟ್ಟ ಮಗಳು ತವರ್ನಾಗೆ ಸತ್ರೆ ಹೆತ್ತೋಳಿಗೆ ಮೂರು ದಿನ ಸೂತಕ ಅಂತಾರೆ. ನನ್ ಕೂಸು ಏರಿ ಮ್ಯಾಲೆ ಹೋಯ್ತು, ಮನೆ ಒಳಗೆ ಬರ್ಲೇ ಇಲ್ಲ. ನಾನು ಏಸು ದಿನ ಹಿಡೀಬೇಕು ಸಾಮಿ?"

ಧರ್ಮಶಾಸ್ತ್ರದ ವಾಕ್ಯ ನಾಲಿಗೆಯ ತುದಿಗೆ ಬಂದು ನಿಂತಿತು. ಜೀವನದಲ್ಲಿ ಮೊದಲ ಸಲ, ಗೊತ್ತಿದ್ದ ಶಾಸ್ತ್ರವನ್ನು ನಾನು ಹೇಳಲಿಲ್ಲ. ಆ ಮನೆಯ ನೀರು ಕುಡಿಯುವುದೇ ಅದಕ್ಕೆ ಉತ್ತರವೆನ್ನಿಸಿತು. "ತಾಯಿ, ಒಂದು ಲೋಟ ನೀರು ಕೊಡಿ," ಎಂದೆ.

ಆಕೆ ಬೆಚ್ಚಿ ಎರಡು ಹೆಜ್ಜೆ ಹಿಂದೆ ಸರಿದಳು. "ಉಂಟಾ ಸಾಮಿ! ಸೂತಕದ ಮನೆ. ನಿಮ್ಮಂಥೋರ ಬಾಯಿಗೆ ನಾನು ಹೆಂಗೆ ನೀರು ಕೊಡ್ಲಿ?"

ಇನ್ನೊಮ್ಮೆ ಕೇಳಿದೆ. ಆಕೆ ಕೈಮುಗಿದುಕೊಂಡೇ ಅಳಲು ತೊಡಗಿದಳು. ನೀರು ಮಾತ್ರ ತರಲಿಲ್ಲ.