ಗಿಣಿ ಬೇಡ, ಮೆಟ್ಟಿಲು ತೋರಿಸಿ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಕಟ್ಟಡಗಳ ನಕ್ಷೆ ತಯಾರಿಸುವ ಕಚೇರಿಯ ಹಿಂಬದಿ ಕೋಣೆಯಲ್ಲಿ ಹೆಂಗಸೊಬ್ಬಳು ದೊಡ್ಡ ನಕ್ಷೆಗಳನ್ನು ಮುದ್ರಿಸುವ ಪ್ಲಾಟರ್ ಮುಂದೆ ಮಂಡಿಯೂರಿ, ಎರಡೂ ಕೈ ಚಾಚಿ ಕೂತಿದ್ದಾಳೆ. ಬಾಗಿಲಗಲದ ಹಾಳೆ ಯಂತ್ರದ ಬಾಯಿಂದ ಇಂಚಿಂಚೇ ಇಳಿಯುತ್ತಿದೆ. ಕೈ ಕೊಡದಿದ್ದರೆ ಅದು ನೆಲಕ್ಕೆ ಬಿದ್ದು ಸುರುಳಿ ಸುತ್ತಿಕೊಂಡು, ಹಸಿ ಶಾಯಿಯೆಲ್ಲ ಮೆತ್ತಿಹೋಗುತ್ತದೆ. ಸದ್ದಿರುವಷ್ಟು ಹೊತ್ತು ಆಕೆಗೆ ನೆಮ್ಮದಿ. ಯಂತ್ರ ಸುಮ್ಮನಾದರೆ ಕೆಲಸ ಕೆಟ್ಟಿತೆಂದೇ ಅರ್ಥ.

ಇವತ್ತು ಮೆಟ್ಟಿಲಿನ ನಕ್ಷೆಯೊಂದು ಅರ್ಧ ಇಳಿಯುವಷ್ಟರಲ್ಲೇ ಅದು ಸುಮ್ಮನಾಗುತ್ತದೆ. "ಹೋಯ್ತಾ? ಹೋಗು ಮಹರಾಯ. ನಿಂಗೂ ಸಾಕಾಗಿದೆ, ನಂಗೂ ಸಾಕಾಗಿದೆ," ಎಂದು ಆಕೆ ಅದರ ಪಕ್ಕೆಗೊಂದು ಏಟು ಕೊಡುತ್ತಾಳೆ.

ಕಚೇರಿಗೆಲ್ಲ ಆಕೆ ಹಾಳೆಯಕ್ಕ. ನಕ್ಷೆ ಮಡಿಸುವ ಕೆಲಸಕ್ಕೆಂದು ಬಂದವಳು. ಪ್ಲಾಟರ್ ನಡೆಸುತ್ತಿದ್ದವನು ಹೇಳದೆ ಕೇಳದೆ ಬಿಟ್ಟುಹೋದ ದಿನ ಅದರ ಮುಂದೆ ಕೂತವಳು ಇನ್ನೂ ಎದ್ದಿಲ್ಲ. ಮಂಡಿ ಸವೆದಿದೆ. "ಮನೇಲಿ ಮಹಾರಾಣಿಗೆ ಕುರ್ಚಿನೇ ಬೇಕು, ಆಫೀಸಲ್ಲಿ ನೆಲ ಸಾಕು," ಎಂದು ಗಂಡ ರೇಗಿಸುತ್ತಾನೆ. ಹೊಸ ಯಂತ್ರಕ್ಕಾಗಿ ಆಕೆ ವರ್ಷಗಳಿಂದ ಗೋಗರೆದಿದ್ದಾಳೆ: ನೀರು ತಗುಲಿದರೂ ಗೆರೆ ಅಳಿಸಬಾರದು, ನಡುವೆ ಕಾಗದ ಮುಗಿದರೆ ಇನ್ನೊಂದು ರೋಲ್ ಇರಬೇಕು, ಹಾಳೆ ತಾನೇ ಬಂದು ಬೀಳಲು ಕೆಳಗೊಂದು ಬುಟ್ಟಿ ಇರಬೇಕು. ಇವತ್ತು ಬೇರೆ ದಾರಿಯೇ ಇಲ್ಲದೆ ಕಚೇರಿಯ ಯಜಮಾನರು ಅಂಗಡಿಗೆ ಹೊರಡುತ್ತಾರೆ, ಆಕೆಯನ್ನೂ ಕರೆದುಕೊಂಡು.

ಅಂಗಡಿಯವನು ಮೊದಲ ಯಂತ್ರದಲ್ಲಿ ಮೇಜಿನಗಲದ ಗಿಣಿಯೊಂದನ್ನು ಮುದ್ರಿಸಿ ತೋರಿಸುತ್ತಾನೆ. ಯಜಮಾನರ ಬಾಯಿ ತೆರೆದದ್ದು ಮುಚ್ಚುವುದಿಲ್ಲ.

"ಏನು ಹಸಿರು ನೋಡಕ್ಕ!"

"ನಮ್ಮ ನಕ್ಷೇಲಿ ಗಿಣಿ ಎಲ್ಲಿದೆ ಸಾರ್?" ಆಕೆ ಅಂಗಡಿಯವನತ್ತ ತಿರುಗುತ್ತಾಳೆ. "ಗಿಣಿ ಬೇಡ ಕಣಪ್ಪ, ಮೆಟ್ಟಿಲು ತೋರಿಸು."

"ಸ್ಕ್ಯಾನರ್ ಹಾಕಿಸ್ಕೊಳ್ಳಿ ಮೇಡಂ, ಮೆಮೊರಿ ಜಾಸ್ತಿ ಮಾಡಿಸ್ಕೊಳ್ಳಿ..."

"ಅಯ್ಯೋ, ಮೊದಲು ಮೆಟ್ಟಿಲು!"

ಅವನು ಮುಖ ಗಂಟಿಕ್ಕಿಕೊಂಡು ಆ ಯಂತ್ರದಲ್ಲೂ, ಪಕ್ಕದ ಎರಡು ರೋಲಿನ ಇನ್ನೊಂದರಲ್ಲೂ ಆಕೆ ತಂದ ಮೆಟ್ಟಿಲಿನ ನಕ್ಷೆ ತೆಗೆಯುತ್ತಾನೆ. ನೋಡಲು ಎರಡೂ ಒಂದೇ. ಯಾವುದು ಮೇಲೆಂದು ಆಕೆಗೂ ಹೇಳಲಾಗುವುದಿಲ್ಲ; ಯಾವ ಹಾಳೆ ಯಾವ ಯಂತ್ರದ್ದೆಂದು ಮೂಲೆಯಲ್ಲಿ ಗುರುತು ಹಾಕಿ ಎರಡನ್ನೂ ಸುತ್ತಿಕೊಳ್ಳುತ್ತಾಳೆ. ಯಜಮಾನರು ಗಿಣಿಯಂತ್ರವನ್ನೇ ಮನಸ್ಸಿನಲ್ಲಿಟ್ಟುಕೊಂಡು ಹಿಂದಿರುಗುತ್ತಾರೆ.

ಕಚೇರಿಯಲ್ಲಿ ಮೇಸ್ತ್ರಿ ಕಾಯುತ್ತಿದ್ದಾನೆ. ಬೆಳಿಗ್ಗೆ ನಿಂತುಹೋದ ನಕ್ಷೆ ಅವನದೇ. ಸಿಮೆಂಟು ತೊಳೆದ ಒದ್ದೆ ಕೈಯಲ್ಲೇ ಎರಡೂ ಹಾಳೆ ಕಸಿದು ನೋಡುತ್ತಾನೆ. ಒಂದರಲ್ಲಿ ಗೆರೆ ಗೆರೆಯಾಗಿಯೇ ಇದೆ. ಗಿಣಿಯಂತ್ರದ ಹಾಳೆಯಲ್ಲಿ ಮೆಟ್ಟಿಲೆಲ್ಲ ಕರಗಿ ಕೆಳಗಿಳಿಯುತ್ತಿದೆ.

"ಇದೇನಕ್ಕ, ಮೆಟ್ಟಿಲೋ ಜಾರುಬಂಡೆಯೋ?"

ಯಜಮಾನರು ಹಾಳೆಯನ್ನು ಒಂದು ಗಳಿಗೆ ನೋಡಿ ಫೋನ್ ಎತ್ತಿಕೊಳ್ಳುತ್ತಾರೆ. "ಎರಡನೇದು ಕಳಿಸಿ. ಎರಡು ರೋಲಿಂದು. ಬುಟ್ಟಿನಾ? ಅದು ಬೇಡ. ನಮ್ಮ ಹಾಳೆಯಕ್ಕ ಇದಾಳಲ್ಲ."

ಆಕೆ ಕರಗಿದ ಹಾಳೆಯನ್ನು ಮುದುರಿ ಕಸದ ಡಬ್ಬಿಗೆ ಹಾಕುತ್ತಾಳೆ. ಮೇಸ್ತ್ರಿ ಎತ್ತಲೋ ನೋಡುತ್ತಾನೆ.

ಸಂಜೆ, ಕೆಟ್ಟು ಕೂತ ಯಂತ್ರಕ್ಕೆ ಬಟ್ಟೆ ಹೊದಿಸುತ್ತಾ ಆಕೆ ಹೇಳುತ್ತಾಳೆ: "ಹೋಗ್ಲಿ, ಗೆರೆಯಾದ್ರೂ ಅಳಿಸಲ್ಲ. ನನ್ನ ಕೈಯಿಂದ ಇಳಿದ ಮೆಟ್ಟಿಲು ಈ ಊರಲ್ಲಿ ಎಷ್ಟು ಮನೇಲಿದೆಯೋ. ಎಲ್ಲಾನೂ ತಲೆಕೆಳಗಾಗೇ ನೋಡಿದೀನಿ, ಕೂತ್ಕೊಂಡು. ಒಂದೇ ಒಂದು ಹಾಳೆ ಹೊರಗೆ ಬರೋದನ್ನ ನಿಂತ್ಕೊಂಡು ನೋಡ್ಬೇಕು."

ಆಮೇಲೆ ಮೇಜಿನ ಕಾಲು ಹಿಡಿದು, ಮೆಲ್ಲಗೆ ಮೇಲೇಳುತ್ತಾಳೆ.